ನಟ್ಟು-ಬೋಲ್ಟಿನ ಪ್ರಶ್ನೆಗಳು: ಬಟವಾಡಿ ಮೆಕ್ಯಾನಿಕ್ ಉತ್ತರ

ಬಟವಾಡಿ ಮೆಕ್ಯಾನಿಕ್: ಎಲ್ಲರಿಗೂ ನಮಸ್ಕಾರ. ಮಳೆ ನಿಂತಿದೆ, ತುಮಕೂರಿನವರೆಲ್ಲ ಟ್ರೇಲ್ ಗಾಡಿ, ಅಂದರೆ ಮಣ್ಣಿನ ದಾರಿಯ ಬೈಕು, ಹೊರಗೆ ತೆಗೆಯುತ್ತಿದ್ದೀರಿ. ಈ ತಿಂಗಳು ನನ್ನ ಗ್ಯಾರೇಜಿಗೆ ಬೋಲ್ಟ್ ಮುರಿದುಕೊಂಡು ಐದು ಗಾಡಿ ಬಂದವು. ಐದೂ ಮನೆಯಲ್ಲಿ ಬಿಗಿ ಮಾಡಿದ್ದವು. ಮನೆಯಲ್ಲಿ ಕೆಲಸ ಮಾಡಬೇಡಿ ಅಂತ ಹೇಳುತ್ತಿಲ್ಲ. ಮಾಡಲೇಬೇಕು. ಬೆಟ್ಟದ ಹಿಂದೆ ಗಾಡಿ ನಿಂತರೆ ನೀವೇ ಬಿಚ್ಚಬೇಕು ಅಲ್ವಾ. ಇವತ್ತು ಸಂಜೆ ಈ ಗುಂಪಿನಲ್ಲಿ ಕೇಳಿ, ಹೇಳುತ್ತೇನೆ. ಯಾವ ಗಾಡಿ, ಯಾವ ಬೋಲ್ಟ್ ಅಂತ ಸರಿಯಾಗಿ ಬರೆಯಿರಿ.

ಕುಣಿಗಲ್ ಸವಾರ: ಎಕ್ಸ್‌ಪಲ್ಸ್ 200. ಇಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಎಷ್ಟು ಟೈಟ್ ಮಾಡಬೇಕು ಅಣ್ಣ?

ಬಟವಾಡಿ ಮೆಕ್ಯಾನಿಕ್: ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವಷ್ಟು. ವಾಷರ್ ಹೊಸದು ಹಾಕಿ. ಮೊದಲು ಬೆರಳಲ್ಲೇ ಕೊನೆವರೆಗೂ ತಿರುಗಿಸಿ, ಆಮೇಲೆ ಟಾರ್ಕ್ ವ್ರೆಂಚ್, ಅಂದರೆ ಎಷ್ಟು ಬಲದಲ್ಲಿ ತಿರುಗಿಸುತ್ತಿದ್ದೀರಿ ಅಂತ ಅಳೆದು, ಇಟ್ಟ ಅಂಕಿ ಮುಟ್ಟಿದಾಗ ‘ಕ್ಲಿಕ್’ ಅನ್ನುವ ಸ್ಪ್ಯಾನರ್. ಸೋರಿದರೆ ವಾಷರ್ ನೋಡಿ, ಇನ್ನೂ ಬಿಗಿ ಮಾಡಲು ಹೋಗಬೇಡಿ. ಬೋಲ್ಟ್ ಉಕ್ಕು, ಇಂಜಿನ್ ಕೇಸ್ ಅಲ್ಯೂಮಿನಿಯಂ. ಥ್ರೆಡ್, ಅಂದರೆ ತಿರುಪಿನ ಗೀರು, ಹೋಗುವುದು ಕೇಸಿನದೇ.

ಶಿರಾ ಗೇಟ್: ಇದು ಬೇರೆ ಗುಂಪಿನಿಂದ ಬಂತು, ಸರಿನಾ ನೋಡಿ. “6 ಬೋಲ್ಟ್‌ಗೆ 10 ಎನ್‌ಎಂ, 8 ಬೋಲ್ಟ್‌ಗೆ 25, 10 ಬೋಲ್ಟ್‌ಗೆ 45. ಎಲ್ಲ ಗಾಡಿಗೂ ಇದೇ. ಎಲ್ಲರಿಗೂ ಕಳಿಸಿ.”

ಬಟವಾಡಿ ಮೆಕ್ಯಾನಿಕ್: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ನಾನು ಹೇಳಿದ ಐದು ಗಾಡಿಯಲ್ಲಿ ಎರಡು ಈ ಚಾರ್ಟ್ ನೋಡಿಯೇ ಹಾಳಾದವು.

ಎನ್‌ಎಂ ಅಂದರೆ ನ್ಯೂಟನ್ ಮೀಟರ್, ತಿರುಗಿಸುವ ಬಲದ ಅಳತೆ. ಉಕ್ಕಿನೊಳಗೆ ಕೂರುವ, ತಲೆ ಮೇಲೆ 8.8 ಅಂತ ಇರುವ ಸಾಮಾನ್ಯ ಗ್ರೇಡ್ ಬೋಲ್ಟಿಗೆ ಆ ಅಂಕಿಗಳು ಹೆಚ್ಚುಕಡಿಮೆ ಸರಿ. ತೊಂದರೆ ಇರುವುದು “10 ಬೋಲ್ಟ್” ಅನ್ನುವ ಮಾತಿನಲ್ಲಿ. ಚಾರ್ಟ್ ಹೇಳುವುದು ಥ್ರೆಡ್ಡಿನ ದಪ್ಪ, ಅಂದರೆ ಎಂ10. ನಾವು ಬಾಯಲ್ಲಿ ಹೇಳುವುದು ಸ್ಪ್ಯಾನರ್ ನಂಬರ್. 10 ನಂಬರ್ ಸ್ಪ್ಯಾನರ್ ಕೂರುವ ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ ಎಂ6. ಅದಕ್ಕೆ ಸುಮಾರು 10 ಎನ್‌ಎಂ ಸಾಕು. ಮೊನ್ನೆ ಬಂದ ಹುಡುಗ ಕ್ಲಚ್ ಕವರಿನ ಬೋಲ್ಟಿಗೆ ವ್ರೆಂಚನ್ನು 45ಕ್ಕೆ ಇಟ್ಟು ‘ಕ್ಲಿಕ್’ ಸದ್ದಿಗೆ ಕಾಯುತ್ತಿದ್ದ. ಸದ್ದು ಬರಲಿಲ್ಲ, ಬೋಲ್ಟಿನ ತಲೆ ಕೈಗೆ ಬಂತು. ಒಳಗೆ ಉಳಿದ ತುಂಡನ್ನು ಕೊರೆದು ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು.

ಶಿರಾ ಗೇಟ್: ಸರಿ ಅಣ್ಣ, ಡಿಲೀಟ್ ಮಾಡಿದೆ.

ಊರುಕೆರೆ ರೈಡರ್: ಟೈರ್ ಗಾಳಿ ಎಷ್ಟಿರಬೇಕು ಮಣ್ಣಿನ ದಾರಿಗೆ?

ಮಧುಗಿರಿ ಬಂಡೆ: ಕೆಟಿಎಂ 390 ಅಡ್ವೆಂಚರ್. ಮುಂದಿನ ಚಕ್ರ ಪಂಕ್ಚರ್ ಹಾಕಿಸಿದ ಮೇಲೆ ಫೋರ್ಕ್, ಅದೇ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು, ಮೊದಲಿನ ಹಾಗೆ ಮೆತ್ತಗೆ ಇಳಿಯುತ್ತಿಲ್ಲ, ಹಿಡಿದುಕೊಂಡ ಹಾಗಿದೆ.

ಬಟವಾಡಿ ಮೆಕ್ಯಾನಿಕ್: ಆಕ್ಸಲ್ ಪಿಂಚ್ ಬೋಲ್ಟನ್ನು, ಅಂದರೆ ಚಕ್ರದ ಅಚ್ಚನ್ನು ಫೋರ್ಕಿನ ಕಾಲಿಗೆ ಹಿಡಿಸುವ ಬೋಲ್ಟನ್ನು, ಮೊದಲೇ ಬಿಗಿ ಮಾಡಿರುತ್ತಾರೆ. ಆಗ ಫೋರ್ಕಿನ ಒಂದು ಕಾಲು ಒಂಚೂರು ಓರೆಯಾಗಿ ನಿಲ್ಲುತ್ತದೆ. ಪಿಂಚ್ ಬೋಲ್ಟ್ ಸಡಿಲ ಮಾಡಿ. ಆಕ್ಸಲನ್ನು ಅದರ ಟಾರ್ಕಿಗೆ ಬಿಗಿ ಮಾಡಿ. ಗಾಡಿ ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಐದಾರು ಸಲ ಜೋರಾಗಿ ಒತ್ತಿ. ಕಾಲುಗಳು ತಾವಾಗಿ ಸರಿಯಾದ ಜಾಗಕ್ಕೆ ಬರುತ್ತವೆ. ಆಮೇಲೆ ಪಿಂಚ್ ಬೋಲ್ಟ್, ಇದಕ್ಕೊಂದು ಸಲ ಅದಕ್ಕೊಂದು ಸಲ. ಇವು ಜಾಸ್ತಿ ಬಿಗಿಯಾದರೂ ತೊಂದರೆಯೇ.

ಗುಬ್ಬಿ ಹುಡುಗ: ಅಣ್ಣ, ಮುಂದಿನ ಬ್ರೇಕ್ ಹಿಡಿದರೆ ‘ಟಕ್’ ಅಂತ ಸದ್ದು ಬರುತ್ತಿದೆ. ನೋಡಿದರೆ ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಎರಡು ಬೋಲ್ಟಿನಲ್ಲಿ ಒಂದು ಬಿದ್ದುಹೋಗಿತ್ತು. ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಅದೇ ದಪ್ಪದ ಬೋಲ್ಟ್ ತಂದು ಹಾಕಿದೆ. ಗುಬ್ಬಿವರೆಗೆ ಓಡಿಸಿಕೊಂಡು ಬಂದೆ. ಸದ್ದು ಇನ್ನೂ ಇದೆ. ಇನ್ನೂ ಸ್ವಲ್ಪ ಟೈಟ್ ಮಾಡಲಾ? ಭಾನುವಾರ ರೈಡ್ ಇದೆ.

ಬಟವಾಡಿ ಮೆಕ್ಯಾನಿಕ್: ಗಾಡಿ ಮುಟ್ಟಬೇಡಿ. ಮೊದಲು ಇದಕ್ಕೆ ಉತ್ತರ ಕೊಡಿ. ಹೊಸ ಬೋಲ್ಟ್ ಬೆರಳಲ್ಲಿ ಎಷ್ಟು ಸುತ್ತು ಹೋಯಿತು? ತಲೆ ಮೇಲೆ ಏನಾದರೂ ಅಂಕಿ ಇದೆಯಾ?

ಗುಬ್ಬಿ ಹುಡುಗ: ಎರಡು ಸುತ್ತು ಹೋಯಿತು. ಆಮೇಲೆ ಬಿಗಿ ಆಯಿತು, ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿದೆ. ತಲೆ ಕೆಳಗೆ ಸಂದು ಉಳಿದಿತ್ತು, ನಾಲ್ಕು ವಾಷರ್ ಹಾಕಿ ತುಂಬಿಸಿದೆ. ಅಂಕಿ ಏನೂ ಇಲ್ಲ.

ಬಟವಾಡಿ ಮೆಕ್ಯಾನಿಕ್: ತಮ್ಮಾ, ಆ ಗಾಡಿಯನ್ನು ಇನ್ನು ಒಂದು ಮೀಟರ್ ಕೂಡ ಓಡಿಸಬೇಡ. ಎಲ್ಲರೂ ಓದಿ, ಯಾಕೆ ಅಂತ ಹೇಳುತ್ತೇನೆ.

ದಪ್ಪ ಒಂದೇ ಇದ್ದರೆ ಬೋಲ್ಟ್ ಒಂದೇ ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಕೇಳಿದರೆ ಕೊಡುವುದು ಸಾಮಾನ್ಯವಾಗಿ 1.5 ಪಿಚ್. ಅಂದರೆ ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್ ಒಳಗೆ ಹೋಗುತ್ತದೆ. ಬೈಕುಗಳಲ್ಲಿ ಎಂ10 ಬೋಲ್ಟ್ ಬಹಳ ಕಡೆ 1.25 ಪಿಚ್ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು, ಒಂದರ ಥ್ರೆಡ್ಡನ್ನು ಇನ್ನೊಂದರ ಥ್ರೆಡ್ಡಿನೊಳಗೆ ಕೂರಿಸಿ ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. 1.25 ತೂತಿಗೆ 1.5 ಬೋಲ್ಟ್ ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ನಿನಗೆ “ಬಿಗಿ ಆಯಿತು” ಅನಿಸಿದ್ದು ಬಿಗಿ ಅಲ್ಲ. ಉಕ್ಕು ಅಲ್ಯೂಮಿನಿಯಂ ಥ್ರೆಡ್ಡನ್ನು ಕೊರೆಯುತ್ತಿತ್ತು.

ಅಲ್ಯೂಮಿನಿಯಂನಲ್ಲಿ ಬೋಲ್ಟ್ ತನ್ನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಒಳಗೆ ಇರಬೇಕು. ಎಂ10 ಅಂದರೆ 15ರಿಂದ 20 ಮಿಲಿಮೀಟರ್. ನಿನ್ನದು ಮೂರು ಮಿಲಿಮೀಟರಿನ ಆಸುಪಾಸು ಕಚ್ಚಿಕೊಂಡಿದೆ, ಮೇಲೆ ನಾಲ್ಕು ವಾಷರ್. ಅದು ಕಿತ್ತು ಬಂದರೆ ಕ್ಯಾಲಿಪರ್ ಉಳಿದ ಒಂದೇ ಬೋಲ್ಟಿನ ಸುತ್ತ ತಿರುಗುತ್ತದೆ. ತಿರುಗಿ ಚಕ್ರದ ಕಡ್ಡಿಗೆ ಸಿಕ್ಕಿಕೊಂಡರೆ ಮುಂದಿನ ಚಕ್ರ ನಿಂತೇಬಿಡುತ್ತದೆ.

ತಲೆ ಮೇಲಿನ ಅಂಕಿ ಕೇಳಿದ್ದಕ್ಕೂ ಕಾರಣವಿದೆ. 8.8 ಅಂತ ಇದ್ದರೆ ಆ ಉಕ್ಕು ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕೆಜಿ ಎಳೆತದವರೆಗೂ ಮುರಿಯದೆ ತಡೆಯುತ್ತದೆ. ಚುಕ್ಕಿ ಆದಮೇಲಿನ 8 ಅಂದರೆ, ಅದರ 80 ಪರ್ಸೆಂಟ್ ಎಳೆತಕ್ಕೇ ಬೋಲ್ಟ್ ಹಿಗ್ಗಿ ಹಾಗೇ ಉಳಿಯುತ್ತದೆ. ಅಂಕಿಯೇ ಇಲ್ಲದ ಬೋಲ್ಟ್ ಗೇಟಿಗೆ, ಬೆಂಚಿಗೆ ಸರಿ. ಬ್ರೇಕಿಗೆ ಬೇಡ.

ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಾ. ಗುಬ್ಬಿಯಿಂದ ಇಲ್ಲಿಗೆ ದೂರವೇನಿಲ್ಲ. ಎಷ್ಟೊತ್ತಾದರೂ ಬಾಗಿಲು ತೆಗೆದಿರುತ್ತೇನೆ.

ಬೆಳಗುಂಬ ರಸ್ತೆ: ಹುಡುಗನನ್ನು ಸುಮ್ನೆ ಹೆದರಿಸುತ್ತಿದ್ದೀರಿ. ಟಾರ್ಕು, ಪಿಚ್ಚು ಅಂತ ಹಿಂದೆ ಯಾರು ನೋಡುತ್ತಿದ್ದರು? ನಮ್ಮಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಕೈ ಅಂದಾಜಿನಲ್ಲೇ ಬಿಗಿ ಮಾಡುತ್ತಿದ್ದರು.

ತಿಪಟೂರು ಟ್ರೇಲ್: ಅವರು ದಿನಾ ಅದೇ ಸ್ಕ್ರೂ, ಅದೇ ಸ್ಕ್ರೂಡ್ರೈವರ್. ನೀವು ವರ್ಷಕ್ಕೆ ಎರಡು ಸಲ ಸ್ಪ್ಯಾನರ್ ಹಿಡಿಯುತ್ತೀರಿ. ಎರಡೂ ಒಂದೇನಾ?

ಬೆಳಗುಂಬ ರಸ್ತೆ: ನಾನು ಎಷ್ಟು ಸಲ ಹಿಡಿಯುತ್ತೇನೆ ಅಂತ ನಿಮಗೇನು ಗೊತ್ತು?

ತಿಪಟೂರು ಟ್ರೇಲ್: ಹೋದ ವರ್ಷ ದಾರಿಯಲ್ಲಿ ನಿಮ್ಮ ಸ್ಪ್ರಾಕೆಟ್ ಬೋಲ್ಟ್ ಬಿದ್ದಾಗ ಹುಡುಕಿದವನು ನಾನೇ ಅಲ್ವಾ.

ಬಟವಾಡಿ ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಕೈ ಅಂದಾಜಿಗೆ ನಾನು ಗೌರವ ಕೊಡುತ್ತೇನೆ. ಆದರೆ ಅಳೆದು ನೋಡಿದ್ದೇನೆ. ಗ್ಯಾರೇಜಿನ ಹುಡುಗರಿಗೆ 10 ಎನ್‌ಎಂ ಅಂದಾಜಿನಲ್ಲಿ ಬಿಗಿ ಮಾಡಿ ಅಂದೆ. ಒಬ್ಬ 6ಕ್ಕೆ ನಿಲ್ಲಿಸಿದ, ಇನ್ನೊಬ್ಬ 17ಕ್ಕೆ ಹೋದ. ಇಬ್ಬರೂ ದಿನಾ ಇದೇ ಕೆಲಸ ಮಾಡುವವರು. ಬೆಳಗ್ಗಿನ ಕೈ ಬೇರೆ, ಸಂಜೆ ಸುಸ್ತಾದ ಕೈ ಬೇರೆ. ಉದ್ದ ಸ್ಪ್ಯಾನರಿನಲ್ಲಿ ಅದೇ ಕೈ ಇನ್ನೂ ಬೇರೆ.

ಹೆಗ್ಗೆರೆ: ಬೋಲ್ಟ್ ಲೂಸ್ ಆಗದಿರಲು ಎಲ್ಲ ಥ್ರೆಡ್ಡಿಗೂ ಗ್ರೀಸ್ ಹಚ್ಚಿ ಪೂರ್ತಿ ಟಾರ್ಕ್ ಕೊಡಿ ಅಂತ ಒಂದು ವಿಡಿಯೋ ಇದೆ. ಡ್ರೈನ್ ಬೋಲ್ಟ್ ಸೋರಿದರೆ ಟೆಫ್ಲಾನ್ ಟೇಪ್ ಅಂತೆ. ಡಿಸ್ಕ್ ಬೋಲ್ಟಿಗೆ ಫೆವಿಕ್ವಿಕ್ ಎರಡು ಹನಿ.

ಬಟವಾಡಿ ಮೆಕ್ಯಾನಿಕ್: ಮೂರೂ ತಪ್ಪು. ಸ್ಪ್ಯಾನರಿಗೆ ಹಾಕುವ ಶಕ್ತಿಯ 100 ಪಾಲಿನಲ್ಲಿ ಸುಮಾರು 50 ಬೋಲ್ಟಿನ ತಲೆ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, 40 ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ಎಳೆದು ಹಿಡಿಯಲು ಉಳಿಯುವುದು 10. ಬೋಲ್ಟ್ ಹಿಡಿದಿರುವುದೇ ಆ ಎಳೆತದಿಂದ, ಸ್ಪ್ರಿಂಗಿನ ಹಾಗೆ. ಗ್ರೀಸ್ ಹಚ್ಚಿದರೆ ಉಜ್ಜಾಟ ಕಡಿಮೆಯಾಗಿ ಅದೇ ಟಾರ್ಕಿಗೆ ಎಳೆತ ಏರುತ್ತದೆ. ವ್ರೆಂಚ್ ಸರಿಯಾಗಿಯೇ ಕ್ಲಿಕ್ ಅನ್ನುತ್ತದೆ, ಬೋಲ್ಟ್ ಮಾತ್ರ ಮಿತಿ ದಾಟಿರುತ್ತದೆ. ಮ್ಯಾನ್ಯುಯಲ್ ಗ್ರೀಸ್ ಅಥವಾ ಎಣ್ಣೆ ಹೇಳಿದ ಕಡೆ ಮಾತ್ರ ಹಚ್ಚಿ. ಟೇಪಿನ ಚೂರು ಆಯಿಲ್ ದಾರಿಗೆ ಹೋದರೆ ಇಂಜಿನ್ನಿಗೇ ಕುತ್ತು. ಡಿಸ್ಕ್ ಮತ್ತು ಸ್ಪ್ರಾಕೆಟ್ ಬೋಲ್ಟಿಗೆ ಫೆವಿಕ್ವಿಕ್ ಅಲ್ಲ, ಮಧ್ಯಮ ಶಕ್ತಿಯ ನೀಲಿ ಥ್ರೆಡ್ ಲಾಕರ್ ಇದೆ, ಬೋಲ್ಟ್ ಸಡಿಲವಾಗದ ಹಾಗೆ ಹಿಡಿಯುವ ಅಂಟು. ಹಳೆಯದನ್ನು ಉಜ್ಜಿ, ಎಣ್ಣೆ ಜಿಡ್ಡು ತೆಗೆದು, ಒಂದು ಹನಿ ಹಾಕಿ, 24 ಗಂಟೆ ಬಿಡಿ. ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ.

ಹೆಗ್ಗೆರೆ: ಆ ವಿಡಿಯೋ ಲಕ್ಷ ಜನ ನೋಡಿದ್ದಾರೆ ಆದರೂ.

ಬಟವಾಡಿ ಮೆಕ್ಯಾನಿಕ್: ನೋಡಿರಬಹುದು. ಮುರಿದ ಬೋಲ್ಟ್ ತೆಗೆಯುವವನು ನಾನು.

ಪಾವಗಡ ಬಿಸಿಲು: ಹಿಮಾಲಯನ್ ಬೈಕಿನ ಡ್ರೈನ್ ಬೋಲ್ಟ್ ಎಷ್ಟು ಟೈಟ್?

ಬಟವಾಡಿ ಮೆಕ್ಯಾನಿಕ್: ಮೊದಲ ಉತ್ತರ ಓದಿ.

ಚಿಕ್ಕನಾಯಕನಹಳ್ಳಿ: ಹಿಂದಿನ ಆಕ್ಸಲ್ ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ಎದುರಾಗುತ್ತಿಲ್ಲ. ಸ್ವಲ್ಪ ಹಿಂದಕ್ಕೆ ತಿರುಗಿಸಲಾ?

ಬಟವಾಡಿ ಮೆಕ್ಯಾನಿಕ್: ಹಿಂದಕ್ಕೆ ಬೇಡ. ಬಿಗಿಯಾಗುವ ಕಡೆಗೇ ಮುಂದಿನ ತೂತಿಗೆ. ಪಿನ್ ಹೊಸದು.

ಕ್ಯಾತ್ಸಂದ್ರ: ಭಾನುವಾರ ದೇವರಾಯನದುರ್ಗದ ಕಾಡೊಳಗಿನ ದಾರಿಗೆ ಯಾರು ಬರುತ್ತೀರಿ?

ತಿಪಟೂರು ಟ್ರೇಲ್: ಅದು ಅರಣ್ಯ. ಒಳಗೆ ಗಾಡಿ ನುಗ್ಗಿಸುವುದು ತಪ್ಪು. ನಿಮ್ಮಂಥವರಿಂದ ಎಲ್ಲರಿಗೂ ಕೆಟ್ಟ ಹೆಸರು.

ಕ್ಯಾತ್ಸಂದ್ರ: ನಿಮ್ಮಂಥವರು ಅಂದರೆ?

ಬೆಳಗುಂಬ ರಸ್ತೆ: ಇವರು ಎಲ್ಲದಕ್ಕೂ ಬುದ್ಧಿ ಹೇಳುತ್ತಾರೆ.

ಬಟವಾಡಿ ಮೆಕ್ಯಾನಿಕ್: ಕಾಡಿನೊಳಗೆ ಹೋಗಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಗಳ ಇಲ್ಲಿ ಬೇಡ.

ಸಿದ್ಧಗಂಗೆ ದಾರಿ: ಕ್ಲಿಕ್ ವ್ರೆಂಚ್ ತಗೊಂಡೆ. ಕ್ಲಿಕ್ ಆದಮೇಲೆ ಖಾತ್ರಿಗೆ ಇನ್ನೊಂದು ಸಲ ಎಳೆಯುತ್ತೇನೆ. ಸರಿನಾ?

ಬಟವಾಡಿ ಮೆಕ್ಯಾನಿಕ್: ಬೇಡ. ನಿಧಾನವಾಗಿ ಒಂದೇ ಎಳೆತ, ಒಂದು ಕ್ಲಿಕ್, ಬಿಡಿ. ಅದರಲ್ಲಿ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಕನಿಷ್ಠ ಅಂಕಿಗೆ ಇಳಿಸಿ ಇಡಿ.

ಯಲ್ಲಾಪುರ: ಡ್ರೈನ್ ಬೋಲ್ಟ್ ಟಾರ್ಕ್ ಯಾರಾದರೂ ಹೇಳಿ ಪ್ಲೀಸ್.

ಕುಣಿಗಲ್ ಸವಾರ: ಮೇಲೆ ನೋಡ್ರಿ ಮಾರಾಯ್ರೇ, ಎಷ್ಟು ಸಲ ಕೇಳ್ತೀರಿ.

ಗುಬ್ಬಿ ಹುಡುಗ: ಅಣ್ಣ, ಆಟೋ ಸಿಕ್ಕಿತು. ಹೊರಟೆ.

ಬಟವಾಡಿ ಮೆಕ್ಯಾನಿಕ್: ಹೊಸದಾಗಿ ತಂದ ಬೋಲ್ಟು, ವಾಷರು ಎಲ್ಲ ತೆಗೆದುಕೊಂಡು ಬಾ.

ಬಟವಾಡಿ ಮೆಕ್ಯಾನಿಕ್: ರಾತ್ರಿ ಹತ್ತೂವರೆ. ಗುಬ್ಬಿ ಗಾಡಿ ಈಗ ನೋಡಿದೆ. ಅಂಗಡಿ ಬೋಲ್ಟ್ 1.5 ಪಿಚ್, ಫೋರ್ಕಿನ ಕಾಲಿನಲ್ಲಿರುವುದು 1.25. ಬೋಲ್ಟ್ ಬಿಚ್ಚಿದಾಗ ಅದರ ತುದಿಯಲ್ಲಿ ಅಲ್ಯೂಮಿನಿಯಂ ಎಳೆ ಕೂದಲಿನ ಹಾಗೆ ಸುತ್ತಿಕೊಂಡು ಬಂತು. ಮೊದಲ ಮೂರು ಥ್ರೆಡ್ ಪೂರ್ತಿ ಹೋಗಿವೆ. ಅದಕ್ಕಿಂತ ನನ್ನ ಎದೆ ಝಲ್ ಅನಿಸಿದ್ದು ಇನ್ನೊಂದು ಬೋಲ್ಟ್ ನೋಡಿ. ಕಂಪನಿಯದೇ ಬೋಲ್ಟ್, ಸ್ಪ್ಯಾನರ್ ಇಟ್ಟ ಕೂಡಲೇ ಬೆರಳಿಗೆ ತಿರುಗಿತು. ತಿಪಟೂರಿನಿಂದ ಗುಬ್ಬಿವರೆಗೆ ಇದರ ಮೇಲೆ ಬಂದಿದ್ದಾನೆ.

ನಾಳೆ ಆ ತೂತಿಗೆ ಹೆಲಿಕಾಯ್ಲ್, ಅಂದರೆ ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿಯ ಹೊಸ ಥ್ರೆಡ್, ಹಾಕುತ್ತೇನೆ. ಎರಡೂ ಬೋಲ್ಟ್ ಹೊಸದು, ಟಾರ್ಕ್ ವ್ರೆಂಚಿನಲ್ಲೇ. ಮುಗಿದ ಮೇಲೆ ಬೋಲ್ಟಿನ ತಲೆಯಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದು ಕೊಡುತ್ತೇನೆ. ಬೋಲ್ಟ್ ಒಂಚೂರು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗುಬ್ಬಿ ತಮ್ಮಾ, ಭಾನುವಾರದ ರೈಡ್ ಬಿಡು. ಊರೊಳಗೆ 50 ಕಿಲೋಮೀಟರ್ ಓಡಿಸಿ, ಗೆರೆಯ ಫೋಟೋ ತೆಗೆದು ಇಲ್ಲಿ ಹಾಕು.

ಗುಬ್ಬಿ ಹುಡುಗ: ಹಾಕುತ್ತೇನೆ ಅಣ್ಣ.