1971ರ ಯುದ್ಧ ಮುಗಿದ ಮೇಲೆ ಅಪ್ಪ ಬರೆದ ಕಾಗದಗಳು ಎಲ್ಲಿಂದ ಬಂದವು?

ಪ್ರಶ್ನೆ (ಸೋಮವಾರಪೇಟೆ):
ಅಮ್ಮನ ಟ್ರಂಕಿನಲ್ಲಿ ಅಪ್ಪನ ಕಾಗದಗಳ ಕಟ್ಟು ಸಿಕ್ಕಿದೆ. 1971ರ ಡಿಸೆಂಬರ್ ಕೊನೆಯಿಂದ ಮರುವರ್ಷದ ಮಾರ್ಚ್‌ವರೆಗಿನವು. ಗೆದ್ದ ಸೈನಿಕ ಬರೆದವೆಂದು ಯಾರೂ ಹೇಳಲಾರರು. ‘ರೊಬಸ್ಟಾ ಕೊಯ್ಲಿಗೆ ಆಳು ಸಿಕ್ಕರೇ? ಗಬ್ಬದ ಹಸು ಕರು ಹಾಕಿತೇ? ಅವ್ವನ ಮಂಡಿನೋವು ಹೇಗಿದೆ?’ ಪುಟ ತುಂಬ ಇದೇ. ಒಂದರಲ್ಲಿ ಮಾತ್ರ, ‘ಇಲ್ಲಿ ಹೊಳೆಯ ಆಚೆ ದಡ ಕಾಣುವುದಿಲ್ಲ’ ಎಂದಿದೆ. ಊರಿನ ಹೆಸರಿಲ್ಲ, 99 ಎಪಿಒ ಎಂದಷ್ಟೇ. ಅವರು ಎಲ್ಲಿದ್ದರೆಂದು ತಿಳಿಯುವ ದಾರಿ ಇದೆಯೇ?

ಉತ್ತರ (ನಿವೃತ್ತ ಸುಬೇದಾರ್):
99 ಎಪಿಒ ಎಂದರೆ ಪೂರ್ವ ವಲಯದ ಸೇನಾ ಅಂಚೆ. ಪಡೆಯ ನೆಲೆ ಹೊರಬೀಳಬಾರದೆಂದೇ ಊರು ಬರೆಯುವಂತಿರಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾದರೂ ನಮ್ಮ ಸೇನೆ ಅಲ್ಲಿಂದ ಬೀಳ್ಕೊಂಡದ್ದು 1972ರ ಮಾರ್ಚ್ 12ರಂದು. ದಿನಾಂಕಗಳು ಹೊಂದುತ್ತವೆ ತಾಯಿ. ಠಸ್ಸೆಯಲ್ಲಿ ಎಫ್‌ಪಿಒ (ಫೀಲ್ಡ್ ಪೋಸ್ಟ್ ಆಫೀಸ್, ಪಡೆಯ ಜೊತೆಗಿರುವ ಅಂಚೆ ಕಚೇರಿ) ಸಂಖ್ಯೆ ಇರುತ್ತದೆ, ನೋಡಿ. ಅದರ ಜೊತೆಗೆ ಅಪ್ಪನ ಸೇನಾ ಸಂಖ್ಯೆಯನ್ನೂ ಬರೆದು ರೆಜಿಮೆಂಟಿನ ದಾಖಲೆ ಕಚೇರಿಗೆ ಅರ್ಜಿ ಹಾಕಿ.

ಉತ್ತರ (ಅಂಚೆಚೀಟಿ ಸಂಗ್ರಾಹಕ, ಮೈಸೂರು):
ಮನೆಯಿಂದ ಅವರಿಗೆ ಬರೆದವು ಉಳಿದಿದ್ದರೆ ಅವನ್ನೂ ಹುಡುಕಿ. ಬಾಂಗ್ಲಾ ನಿರಾಶ್ರಿತರಿಗಾಗಿ 1971ರ ನವೆಂಬರ್ 15ರಿಂದ ಅಂಚೆಯ ಮೇಲೆ 5 ಪೈಸೆಯ ಹೆಚ್ಚುವರಿ ಚೀಟಿ ಕಡ್ಡಾಯವಾಗಿತ್ತು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ. ಮಡಿಕೆ ಬಿಡಿಸಿ, ಸ್ಕ್ಯಾನ್ ಮಾಡಿ, ಬಿಸಿಲು ಬೀಳದ ಕಡೆ ಇಡಿ.

ಪ್ರಶ್ನೆ ಕೇಳಿದವರು:
ಭೂತಗನ್ನಡಿಯಲ್ಲಿ ನೋಡಿದೆ, ಮೂರು ಅಂಕಿ ಸ್ಪಷ್ಟವಾಗಿವೆ, ಕೊನೆಯದು ಮಸಿಯಲ್ಲಿ ಮುಚ್ಚಿದೆ. ಉಳಿದ ಕಾಗದಗಳನ್ನೂ ನೋಡುತ್ತೇನೆ. ಅರ್ಜಿ ಈ ವಾರವೇ ಹೋಗುತ್ತದೆ.