ಜೆಟ್ ಸ್ಕಿ ಕಾರ್ಬುರೇಟರ್ ಥ್ರಾಟಲ್ ಶಾಫ್ಟ್ ಹಿಡ್ಕೊಳ್ತಿದೆ, ಬಿಟ್ರೆ ವಾಪಸ್ ಬರಲ್ಲ

ಹೊಳೆಬಾಗಿಲು ಕಡೆಯವ
ನಮಸ್ಕಾರ ಎಲ್ರಿಗೂ. ಹಳೇ ಟೂ ಸ್ಟ್ರೋಕ್ ಜೆಟ್ ಸ್ಕಿ, ಎರಡು ಡಯಾಫ್ರಮ್ (ಒಳಗೆ ರಬ್ಬರ್ ಪೊರೆ ಇರೋ) ಕಾರ್ಬುರೇಟರ್ ಇರೋದು, ಮೊದಲು ಸಮುದ್ರದಲ್ಲಿ ಓಡಿದ ಗಾಡಿ, ಈಗ ಸಾಗರದ ಹತ್ರ ನಮ್ಮನೆ ಅಡಿಕೆ ಶೆಡ್ಡಲ್ಲಿದೆ. ಮಳೆಗಾಲ ಪೂರ್ತಿ ನಿಂತಿತ್ತು. ಈಗ ಥ್ರಾಟಲ್ ಒತ್ತಿದ್ರೆ ಮೊದಲು ಗಟ್ಟಿ, ಆಮೇಲೆ ಒಂದೇ ಸಲ ಜಾರತ್ತೆ, ಬಿಟ್ರೆ ಪೂರ್ತಿ ಮುಚ್ಚಲ್ಲ, ಕಾಲು ಭಾಗ ತೆರೆದೇ ನಿಲ್ಲತ್ತೆ. ಸ್ಪ್ರಿಂಗ್ ಮುರಿದಿಲ್ಲ, ನೋಡಿದೀನಿ. ಡಬ್ಲ್ಯೂಡಿ-40 ಹೊಡೆದ್ರೆ ಒಂಚೂರು ಸಡಿಲ ಆಗತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ಇಲ್ಲಿ ಬೈಕ್ ಮೆಕ್ಯಾನಿಕ್ ಒಬ್ರು ಸ್ಪ್ರಿಂಗ್ ಇನ್ನೊಂದು ಸುತ್ತು ಬಿಗಿ ಮಾಡಿಕೊಡ್ತೀನಿ ಅಂತಿದಾರೆ, ನಂಗ್ಯಾಕೋ ಅದು ಸರಿ ಅನ್ನಿಸ್ತಿಲ್ಲ. ಥ್ರಾಟಲ್ ಶಾಫ್ಟ್, ಅಂದ್ರೆ ಕಾರ್ಬುರೇಟರ್ ಒಳಗೆ ಗಾಳಿ ದಾರಿ ತೆರೆದು ಮುಚ್ಚೋ ತಟ್ಟೆ ಕೂತಿರೋ ಸರಳು, ಹೊರಗೆ ತೆಗೀಲೇಬೇಕಾ? ಮಾಡಿದೋರು ಇದ್ರೆ ಹೇಳಿ ಮಾರ್ರೆ.

ಗಾಜನೂರು ನೀರು
ಸ್ಪ್ರಿಂಗ್ ಬಿಗಿ ಮಾಡಿಸ್ಬೇಡಿ. ಹಿಡ್ಕೊಂಡಿರೋದು ಹಾಗೇ ಇರತ್ತೆ, ಇನ್ನೊಂದು ದಿನ ಫುಲ್ ಥ್ರಾಟಲಲ್ಲಿ ಹಿಡ್ಕೊಳತ್ತೆ ಅಷ್ಟೇ. ಇದು ಸರಿಯಾಗೋ ತನಕ ದಯವಿಟ್ಟು ನೀರಿಗೆ ಇಳಿಸ್ಬೇಡಿ. ಕಿಲ್ ಸ್ವಿಚ್ ಹಗ್ಗ ಎಳೆದ್ರೆ ಎಂಜಿನ್ ನಿಲ್ಲತ್ತೆ ನಿಜ, ಆದ್ರೆ ಜೆಟ್ ಸ್ಕಿಗೆ ಚುಕ್ಕಾಣಿ ಅಂತ ಬೇರೆ ಇಲ್ಲ, ಹಿಂದೆ ನೀರು ಚಿಮ್ಮಿದ್ರೆ ಮಾತ್ರ ತಿರುಗೋದು, ಎಂಜಿನ್ ಆಫ್ ಆದ್ಮೇಲೆ ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ಅದು ಹೋಗ್ತಿದ್ದ ಕಡೆಗೇ ಹೋಗತ್ತೆ. ಶರಾವತಿ ಹಿನ್ನೀರಲ್ಲಿ ಮುಳುಗಿದ ಮರದ ಬೊಡ್ಡೆಗಳು ಎಲ್ಲೆಲ್ಲಿವೆ ಅಂತ ನಿಮಗೇ ಗೊತ್ತು, ಬೇಸಿಗೇಲಿ ನೀರಿಳಿದು ಒಳಗೆ ಮುಳುಗಿರೋ ಹಳೇ ಮಡೆನೂರು ಡ್ಯಾಮ್ ಕಾಣೋ ಹೊತ್ತಿಗಂತೂ ಕೇಳೋದೇ ಬೇಡ.

ಬಿಚ್ಚೋಕೆ ಮುಂಚೆ ಹಿಡ್ಕೊಳ್ತಿರೋದು ಶಾಫ್ಟೇನಾ ಅಂತ ಖಾತ್ರಿ ಮಾಡ್ಕೊಳಿ. ಕಾರ್ಬುರೇಟರ್ ಕಡೆ ಥ್ರಾಟಲ್ ಕೇಬಲ್ ಬಿಚ್ಚಿ ಶಾಫ್ಟನ್ನ ಕೈಯಲ್ಲಿ ತಿರುಗಿಸಿ ನೋಡಿ. ಅದು ಟಪ್ ಅಂತ ಮುಚ್ಚಿದ್ರೆ ತೊಂದರೆ ಕೇಬಲ್ಲಲ್ಲೋ ಹ್ಯಾಂಡಲ್ ಲಿವರಲ್ಲೋ ಇದೆ, ಉಪ್ಪುನೀರಲ್ಲಿ ಓಡಿದ ಗಾಡಿಲಿ ಕೇಬಲ್ ಒಳಗೇ ತುಕ್ಕು ಹಿಡಿಯತ್ತೆ. ಆಯಿಲ್ ಇಂಜೆಕ್ಷನ್ (ಎಂಜಿನ್ನಿಗೆ ಆಯಿಲ್ ತಾನೇ ಕೊಡೋ ಪಂಪ್) ಇದ್ರೆ ಪಂಪಿನ ಕೇಬಲ್ಲೂ ಬೇರೆ ಮಾಡಿ, ಪಂಪ್ ಲಿವರ್ ಗಟ್ಟಿಯಾದ್ರೂ ಥ್ರಾಟಲ್ ವಾಪಸ್ ಬರಲ್ಲ. ಎರಡು ಕಾರ್ಬುರೇಟರ್ ಮಧ್ಯದ ಲಿಂಕೇಜ್ ಬಿಡಿಸಿ ಒಂದೊಂದೇ ತಿರುಗಿಸಿದ್ರೆ ಯಾವ್ದು ಅಂತ ಗೊತ್ತಾಗತ್ತೆ.

ಹೊಳೆಬಾಗಿಲು ಕಡೆಯವ
ಥ್ಯಾಂಕ್ಸ್. ನೀವು ಹೇಳಿದಂಗೆ ಎಲ್ಲಾ ಬೇರೆ ಮಾಡಿ ನೋಡ್ದೆ. ಕೇಬಲ್ ಸಲೀಸಾಗಿದೆ, ಪಂಪ್ ಲಿವರ್ರೂ ಸರಿ ಇದೆ, ಮುಂದಿನ ಕಾರ್ಬುರೇಟರ್ ಆರಾಮಾಗಿ ತಿರುಗತ್ತೆ. ಹಿಂದಿನದೇ ಹಿಡ್ಕೊಳ್ತಿರೋದು. ಶಾಫ್ಟ್ ತುದೀಲಿ ಬಿಳೀ ಪುಡಿ ಥರ ಕೂತಿದೆ.

ಲೇತ್ ಕೆಲಸ ಶಿವಮೊಗ್ಗ
ಬಿಳೀ ಪುಡಿ ಅಂದ್ರೆ ಅಲ್ಯೂಮಿನಿಯಂ ತಿಂದಿರೋದು. ಶಾಫ್ಟ್ ಬೇರೆ ಲೋಹ, ಬಾಡಿ ಬೇರೆ ಲೋಹ, ಮಧ್ಯ ಉಪ್ಪಿನ ತೇವ ಕೂತ್ರೆ ಅಲ್ಯೂಮಿನಿಯಂ ಕರಗಿ ಪುಡಿಯಾಗಿ ಉಬ್ಬತ್ತೆ, ಶಾಫ್ಟ್ ಸುತ್ತ ಜಾಗ ಇರಲ್ಲ. ಸ್ಪ್ರೇ ಹೊಡೆದ್ರೆ ಪುಡಿ ಒದ್ದೆಯಾಗಿ ಜಾರತ್ತೆ, ಒಣಗಿದ್ಮೇಲೆ ಮತ್ತೆ ಹಿಡ್ಕೊಳತ್ತೆ, ನಿಮಗಾಗ್ತಿರೋದು ಅದೇ. ಶಾಫ್ಟ್ ಹೊರಗೆ ಬರ್ಲೇಬೇಕು.

ಕಾರ್ಬುರೇಟರ್ ಇಳಿಸಿ, ಡಯಾಫ್ರಮ್, ನೀಡಲ್, ಗ್ಯಾಸ್ಕೆಟ್ ಮೊದಲೇ ತೆಗೆದಿಡಿ, ಕ್ಲೀನರ್ ತಗುಲಿದ್ರೆ ರಬ್ಬರ್ ಹಾಳಾಗತ್ತೆ. ಸ್ಪ್ರಿಂಗ್ ಯಾವ ಕಡೆ ಕೊಕ್ಕೆ ಹಾಕಿದೆ ಅಂತ ಫೋಟೋ ತಗೊಳಿ. ಬಟರ್‌ಫ್ಲೈ ಪ್ಲೇಟಿನ (ಶಾಫ್ಟಿಗೆ ಸ್ಕ್ರೂ ಹಾಕಿರೋ ಗಾಳಿ ತಟ್ಟೆ) ಅಂಚು ಓರೆಯಾಗಿ ಕತ್ತರಿಸಿರತ್ತೆ, ಉಲ್ಟಾ ಹಾಕಿದ್ರೆ ಮುಚ್ಚಲ್ಲ, ಅದಕ್ಕೆ ಒಂದು ಮುಖಕ್ಕೆ ಗುರುತು ಹಾಕಿ. ಈಗ ಆ ಪ್ಲೇಟಿನ ಸ್ಕ್ರೂಗಳು, ಇಲ್ಲೇ ಎಲ್ರೂ ಅವಸರ ಮಾಡೋದು. ಅವುಗಳ ತುದೀನ ಹಿಂದುಗಡೆ ಜಜ್ಜಿ ಅಗಲ ಮಾಡಿರ್ತಾರೆ, ಹಾಗೇ ತಿರುಗಿಸಿದ್ರೆ ತಲೆ ಸವೆದು ಹೋಗತ್ತೆ ಇಲ್ಲಾ ಶಾಫ್ಟಿನ ಥ್ರೆಡ್ ಹರಿಯತ್ತೆ. ಉಬ್ಬಿದ ತುದೀನ ಸಣ್ಣ ಅರದಲ್ಲಿ ಉಜ್ಜಿ ಸಮ ಮಾಡಿ, ಹೀಟ್ ಗನ್ನಲ್ಲಿ ಸ್ವಲ್ಪ ಬಿಸಿ ಕೊಟ್ಟು, ಸರಿಯಾಗಿ ಕೂರೋ ಸ್ಕ್ರೂಡ್ರೈವರಲ್ಲಿ ಬಿಚ್ಚಿ. ಬೆಂಕಿ ಹಿಡಿಯೋಕೆ ಹೋಗ್ಬೇಡಿ, ಪೆಟ್ರೋಲ್ ವಾಸನೆ ಇರೋ ವಸ್ತು.

ಪ್ಲೇಟ್ ಬಂದ್ಮೇಲೆ ಪೆನಿಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ, ಬಾಡಿ ಬಿಸಿ ಮಾಡಿ, ಶಾಫ್ಟನ್ನ ಹಿಂದೆ ಮುಂದೆ ತಿರುಗಿಸ್ತಾ ನಿಧಾನ ಎಳೀರಿ. ಸುತ್ತಿಗೆ ಏಟು ಬೇಡ. ಶಾಫ್ಟನ್ನ 1000 ನಂಬರ್ ಪೇಪರಲ್ಲಿ ಎಣ್ಣೆ ಹಾಕಿ ಉಜ್ಜಿ, ಗಾಜಿನ ಮೇಲೆ ಉರುಳಿಸಿ ಬಾಗಿದೆಯಾ ನೋಡಿ. ಶಾಫ್ಟ್ ಕೂರೋ ತೂತಿಗೆ ಮಾತ್ರ ರೀಮರ್ (ತೂತು ಕೆರೆದು ಅಗಲ ಮಾಡೋ ಉಪಕರಣ) ಹಾಕಿಸ್ಬೇಡಿ, ನಮ್ಮ ಆಟೋ ಕಾಂಪ್ಲೆಕ್ಸಲ್ಲಿ ಕೇಳಿದ್ರೆ ಯಾರಾದ್ರೂ ಹಾಕಿಕೊಡ್ತಾರೆ, ಆದ್ರೆ ತೂತು ದೊಡ್ಡದಾದ್ರೆ ಅಲ್ಲಿಂದ ಗಾಳಿ ಎಳೆಯತ್ತೆ, ಮಿಕ್ಸ್ಚರ್ ಲೀನ್ ಆಗತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಟೂ ಸ್ಟ್ರೋಕಲ್ಲಿ ಲೀನ್ ಅಂದ್ರೆ ಪಿಸ್ಟನ್ ಸೀಜ್. ಕ್ಲೀನರ್ ಮತ್ತು ಬಟ್ಟೆ ಸುತ್ತಿದ ಕಡ್ಡಿ ಸಾಕು. ತುದಿಯ ಸೀಲ್ ಹೊಸದು ಹಾಕಿ, ವಾಟರ್‌ಪ್ರೂಫ್ ಮರೀನ್ ಗ್ರೀಸ್ ತೆಳ್ಳಗೆ ಸವರಿ.

ವಾಪಸ್ ಹಾಕುವಾಗ ಐಡಲ್ ಸ್ಕ್ರೂ ಪೂರ್ತಿ ಹಿಂದೆ ತಿರುಗಿಸಿ, ಪ್ಲೇಟ್ ಸ್ಕ್ರೂ ಸಡಿಲ ಇಟ್ಟು, ನಾಲ್ಕು ಸಲ ಟಪ್ ಅಂತ ಮುಚ್ಚಿಸಿ, ಪ್ಲೇಟ್ ತಾನೇ ಮಧ್ಯಕ್ಕೆ ಬರತ್ತೆ. ಬೆಳಕಿಗೆ ಹಿಡಿದು ಸುತ್ತಲೂ ಒಂದೇ ಥರ ಇದೆ ಅಂದ್ರೆ ಬಿಗಿ ಮಾಡಿ. ಸ್ಕ್ರೂ ಹೊಸದೇ ಹಾಕಿ, ಥ್ರೆಡ್ ಲಾಕರ್ ಹಾಕಿ, ತುದಿ ಮತ್ತೆ ಜಜ್ಜಿ. ಆ ಸ್ಕ್ರೂ ಬಿಚ್ಕೊಂಡ್ರೆ ರೀಡ್ ವಾಲ್ವ್ ದಾಟಿ ಸೀದಾ ಕ್ರ್ಯಾಂಕ್‌ಕೇಸ್, ಅಲ್ಲಿಂದ ಪಿಸ್ಟನ್. ಎಂಜಿನ್ನೇ ಹೋಗತ್ತೆ.

ತೋಟದ ಮನೆ ತೀರ್ಥಹಳ್ಳಿ
ಮೇಲೆ ಹೇಳಿದ್ದೆಲ್ಲಾ ಸರಿ ಇದೆ, ನಂದೊಂದು ಬೇರೆ ವಿಷಯ. ಅಡಿಕೆ ಶೆಡ್ ಅಂದ್ರಲ್ಲ, ಅಲ್ಲಿ ಮೈಲುತುತ್ತದ ಮೂಟೆ, ಬೋರ್ಡೋ ಕಲೆಸೋ ಡ್ರಮ್ ಇದ್ರೆ ಗಾಡಿ ಬೇರೆ ಕಡೆ ಇಡಿ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಹಾಕ್ತೀವಲ್ಲ, ಅದನ್ನ ಅಲ್ಯೂಮಿನಿಯಂ ಪಾತ್ರೇಲಿ ಕಲೆಸ್ಬೇಡಿ ಅನ್ನೋದು ಸುಮ್ನೆ ಅಲ್ಲ, ತಾಮ್ರದ ಉಪ್ಪು ಅಲ್ಯೂಮಿನಿಯಮ್ಮನ್ನ ತಿನ್ನತ್ತೆ. ಆ ಪುಡಿ ಹಾರಿ ಮಳೆಗಾಲದ ಥಂಡಿಗೆ ಕಾರ್ಬುರೇಟರ್ ಮೇಲೆ ಕೂತ್ರೆ ಉಪ್ಪುನೀರಿಗಿಂತ ಏನೂ ಕಮ್ಮಿ ಇಲ್ಲ.

ಪೆಟ್ರೋಲೂ ಟ್ಯಾಂಕಲ್ಲಿ ಬಿಡ್ಬೇಡಿ. ಈಗ ಬರೋದು 20 ಪರ್ಸೆಂಟ್ ಎಥನಾಲ್ ಇರೋದು, ನಮ್ಮ ಕಡೆ ಗಾಳೀಲಿರೋ ತೇವಾನೆಲ್ಲಾ ಎಳ್ಕೊಳತ್ತೆ. ಜೂನ್ ಬರೋಕೆ ಮುಂಚೆ ಟ್ಯಾಂಕ್, ಕಾರ್ಬುರೇಟರ್ ಎರಡೂ ಖಾಲಿ ಮಾಡಿ ಫಾಗಿಂಗ್ ಆಯಿಲ್ (ಎಂಜಿನ್ ಒಳಗೆ ತುಕ್ಕು ಹಿಡಿಯದಂಗೆ ಹೊಡೆಯೋ ಎಣ್ಣೆ) ಹೊಡೆದಿಡಿ. ಇನ್ನೊಂದು, ತೀರ್ಥಹಳ್ಳಿ, ಕೊಪ್ಪ ಕಡೆ ವೀಡ್ ಕಟರ್ ರಿಪೇರಿ ಮಾಡೋರನ್ನ ಕೇಳಿ, ಅದರಲ್ಲೂ ಡಯಾಫ್ರಮ್ ಕಾರ್ಬುರೇಟರ್ರೇ ಇರೋದು, ಬೈಕ್ ಮೆಕ್ಯಾನಿಕ್ಕಿಗಿಂತ ಅವ್ರಿಗೆ ಬೇಗ ಅರ್ಥ ಆಗತ್ತೆ.

ಹೊಳೆಬಾಗಿಲು ಕಡೆಯವ
ಮೈಲುತುತ್ತ ಅದೇ ಶೆಡ್ಡಲ್ಲೇ ಇದೆ, ಇವತ್ತೇ ಬೇರೆ ಕಡೆ ಇಡಿಸ್ತೀನಿ. ಶಾಫ್ಟ್ ಹೊರಗೆ ಬಂತು, ಬಾಗಿಲ್ಲ, ಸೀಲ್ ಮಾತ್ರ ಕಲ್ಲಾಗಿದೆ. ಜೋಡಿಸಿದ್ಮೇಲೆ ಟೆಸ್ಟ್ ಹೇಗೆ ಮಾಡೋದು, ಸೀದಾ ನೀರಿಗಾ?

ಲೇತ್ ಕೆಲಸ ಶಿವಮೊಗ್ಗ
ಬೇಡ. ಮೊದಲು ಎರಡೂ ಬಟರ್‌ಫ್ಲೈ ಒಟ್ಟಿಗೇ ತೆರೆಯತ್ತಾ ನೋಡಿ, ಒಂದೇ ಡ್ರಿಲ್ ಬಿಟ್ ಎರಡರ ಕೆಳಗೂ ತೂರಿಸಿ ಲಿಂಕೇಜ್ ಹೊಂದಿಸಿ. ಪಂಪ್ ಕೇಬಲ್ ಗುರುತಿಗೆ ಗುರುತು ಕೂರ್ಲಿ, ಇಲ್ಲಾಂದ್ರೆ ಆಯಿಲ್ ಕಮ್ಮಿ ಬೀಳತ್ತೆ. ಎಂಜಿನ್ ಆಫ್ ಇದ್ದಾಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಥ್ರಾಟಲ್ ಒತ್ತಿ ಬಿಡಿ, ಎರಡೂ ಕಡೆ ಟಪ್ ಅಂತ ಮುಚ್ಚಬೇಕು. ಆಮೇಲೆ ಎಂಜಿನ್ ತಣ್ಣಗಿಡೋಕೆ ನಲ್ಲಿ ನೀರಿನ ಪೈಪ್ ಹಾಕಿ ಸ್ಟಾರ್ಟ್ ಮಾಡಿ, ಎಂಜಿನ್ ಮೊದಲು ನೀರು ಆಮೇಲೆ, ನಿಲ್ಲಿಸುವಾಗ ನೀರು ಮೊದಲು ಎಂಜಿನ್ ಆಮೇಲೆ, ಉಲ್ಟಾ ಮಾಡಿದ್ರೆ ಸಿಲಿಂಡರಿಗೆ ನೀರು ಹೋಗತ್ತೆ. ಥ್ರಾಟಲ್ ಬಿಟ್ಮೇಲೂ ಆರ್‌ಪಿಎಂ ಮೇಲೇ ನಿಂತು ನಿಧಾನ ಇಳಿದ್ರೆ ಎಲ್ಲೋ ಗಾಳಿ ಎಳೀತಿದೆ ಅಂತ, ಮೊದಲು ಹೊಸ ಸೀಲ್ ಸರಿಯಾಗಿ ಕೂತಿದೆಯಾ ನೋಡಿ. ಹಳೇ ಸೀಲ್ ಬಿಸಾಡ್ಬೇಡಿ, ಒಳಗಿನ ಹೊರಗಿನ ಅಳತೆ ವರ್ನಿಯರಲ್ಲಿ ತಗೊಂಡು ಇಲ್ಲಿ ಹಾಕಿ, ನಮ್ಮ ಕಡೆ ಸಿಗತ್ತಾ ವಿಚಾರಿಸ್ತೀನಿ.