ಸಹಾಯ ಬೇಕು: ಮಾಜಿ ಸೈನಿಕರಿಗೆ ಲಿವಿಂಗ್ ವಿಲ್ ಕುರಿತು ಗುಂಪು ಮಾತುಕತೆ

ಎಲ್ಲರಿಗೂ ನಮಸ್ಕಾರ. ಉಡುಪಿ ಆಸುಪಾಸಿನ ನಾವು ಹತ್ತು ಹನ್ನೆರಡು ಮಂದಿ ಮಾಜಿ ಸೈನಿಕರು ತಿಂಗಳಿಗೊಮ್ಮೆ ಸೇರುತ್ತೇವೆ. ಹೆಚ್ಚಿನವರು ಎಪ್ಪತ್ತು ದಾಟಿದವರು, ಮಕ್ಕಳು ಮುಂಬೈಯಲ್ಲೋ ಗಲ್ಫಿನಲ್ಲೋ ಇರುವವರು. ಕಳೆದ ಮಳೆಗಾಲದಲ್ಲಿ ನಮ್ಮಲ್ಲೊಬ್ಬರು ಮೂರು ವಾರ ಪ್ರಜ್ಞೆಯಿಲ್ಲದೆ ವೆಂಟಿಲೇಟರಿನಲ್ಲಿದ್ದಾಗ, ಅವರ ಇಚ್ಛೆ ಏನಿತ್ತೆಂಬುದು ಪತ್ನಿಗೂ ತಿಳಿದಿರಲಿಲ್ಲ, ದುಬೈಯಿಂದ ಓಡಿ ಬಂದ ಮಗನಿಗೂ ತಿಳಿದಿರಲಿಲ್ಲ.

ಮುಂದೆ ನಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿದ ಲಿವಿಂಗ್ ವಿಲ್‌ಗೆ, 2023ರ ಸಡಿಲಿಕೆಯ ನಂತರ, ಇಬ್ಬರು ಸಾಕ್ಷಿಗಳ ಎದುರಿನ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಮೊದಲಿನಂತೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕಿಲ್ಲ. ಆದರೆ ಕಾಗದಕ್ಕಿಂತ ಮಾತೇ ಕಷ್ಟ. ಗುಂಡಿನ ಸದ್ದಿಗೆ ಅಂಜದವರೂ ಮನೆಯಲ್ಲಿ ಈ ವಿಷಯ ಎತ್ತಲು ಹಿಂಜರಿಯುತ್ತಾರೆ, ನಾನೂ ಹಾಗೆಯೇ. ಅಮೆರಿಕದಲ್ಲಿ ನಿವೃತ್ತ ಸೈನಿಕರ ಆರೋಗ್ಯ ಇಲಾಖೆಯು ಇಂಥ ಚರ್ಚೆಯನ್ನು ಸಣ್ಣ ಗುಂಪುಗಳಲ್ಲಿ ನಡೆಸುತ್ತದೆ. ಜೊತೆಗಾರನೊಬ್ಬ ಬಾಯಿ ತೆರೆದರೆ ಉಳಿದವರ ಸಂಕೋಚ ಕರಗುತ್ತದೆ ಎಂಬುದು ನಮ್ಮ ಅನುಭವಕ್ಕೂ ಹೊಂದುತ್ತದೆ.

ಆದ್ದರಿಂದ, ಒಂದು ಭಾನುವಾರ ಎರಡು ಗಂಟೆ ತುಳು ಅಥವಾ ಕನ್ನಡದಲ್ಲಿ ಮಾತುಕತೆ ನಡೆಸಿಕೊಡಬಲ್ಲ ಉಪಶಾಮಕ ಚಿಕಿತ್ಸೆಯ (ಗಂಭೀರ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ ಆರೈಕೆಯ) ವೈದ್ಯರು ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತರು ಮಂಗಳೂರು, ಮಣಿಪಾಲದ ಕಡೆ ಯಾರಿಗಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ಪತ್ನಿಯರೂ ಬರುತ್ತಾರೆ, ಅದು ನಮ್ಮ ಷರತ್ತು. ಕನ್ನಡದ ಕರಡು ಮಾದರಿ ಇದ್ದರೆ ಅದೂ ಬೇಕು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿನ ಮೇಲೆ ನಮ್ಮನ್ನು ಬೇರೆ ಬೇರೆ ಆಸ್ಪತ್ರೆಗಳಿಗೆ ಕಳುಹಿಸುವುದರಿಂದ, ಪ್ರತಿಯನ್ನು ಎಲ್ಲೆಲ್ಲಿ ಇಡುವುದು ಒಳ್ಳೆಯದೆಂದು ಈಗಾಗಲೇ ಮಾಡಿಸಿಕೊಂಡವರು ಹೇಳಿದರೆ ಉಪಕಾರವಾಗುತ್ತದೆ.